ನೆಲಮಾಳಿಗೆಯಲ್ಲಿ ಪಟ್ಟದ ಗೊಂಬೆ
ಐವತ್ತೆರಡು ವರ್ಷದ ಗಣಿತದ ಮೇಷ್ಟ್ರು ಊಟದ ಮೇಜಿನ ಮೇಲೆ ಥರ್ಮಾಕೋಲ್ ಕತ್ತರಿಸುತ್ತಾ ಕೂತಿದ್ದರೆ ಮನೆಗೆ ಬಂದವರಿಗೆ ಏನೆಂದು ಹೇಳಬೇಕು? ನನ್ನ ಹೆಂಡತಿ ವಿಮಲಾ ಬಹಳ ಯೋಚಿಸಿ, "ಅವರಿಗೆ ಏನೋ ಕೆಲಸ ಇದೆ" ಎಂಬ ಮಾತಿಗೆ ಬಂದು ನಿಂತಿದ್ದಾಳೆ. ನಾನೂ ಅದಕ್ಕಿಂತ ಚೆನ್ನಾಗಿ ಹೇಳಲಾರೆ, ಆದರೂ ಪ್ರಯತ್ನಿಸುತ್ತೇನೆ. ಕುಶಾಲನಗರದ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಮೂವರು ಗೆಳೆಯರು ಸೇರಿ ಒಂದು ಆಟ ಆಡುತ್ತೇವೆ. ನಾಪೋಕ್ಲಿನ ಬೋಪಣ್ಣ ಕಥೆ ಹೇಳುತ್ತಾನೆ. ನಾನು ಮತ್ತು ಮೂರ್ನಾಡಿನಲ್ಲಿ ಅಂಗಡಿ ಇಟ್ಟಿರುವ ಅಶ್ರಫ್ ಆ ಕಥೆಯೊಳಗಿನ ವೀರರು. ಬಾಗಿಲು ಒಡೆಯುತ್ತದೋ ಇಲ್ಲವೋ, ಸಾಯುವುದು ರಾಕ್ಷಸನೋ ನಾವೋ, ಎಲ್ಲವೂ ದಾಳ ಬಿದ್ದ ಹಾಗೆ. ಬೆರಳುದ್ದದ ಗೊಂಬೆಗಳಾಗಿ ಮೇಜಿನ ಮೇಲೆ ನಿಲ್ಲುವ ಇಂಥ ವೀರರು ನುಗ್ಗುವುದಕ್ಕೆ ಒಂದು ಪುಟ್ಟ ನೆಲಮಾಳಿಗೆ ಬೇಕಲ್ಲ, ಅದನ್ನು ಕಟ್ಟುವ ಹೊಣೆಯನ್ನು ನಾನು ಹೊತ್ತುಕೊಂಡೆ. ಯಾರೂ ಕೇಳಿರಲಿಲ್ಲ.

ಒಂದೇ ಅಖಂಡ ನೆಲಮಾಳಿಗೆಯಾಗಿದ್ದರೆ ಎಂದೋ ಮುಗಿಯುತ್ತಿತ್ತು. ನನಗೆ ಬೇಕಾದದ್ದು ಬಿಡಿ ತುಂಡುಗಳು. ಈ ವಾರ ಓಣಿಯಾಗಿದ್ದದ್ದು ಮುಂದಿನ ವಾರ ಸೆರೆಮನೆಯ ಗೋಡೆಯಾಗಬೇಕು, ಯಾವುದನ್ನು ಯಾವುದರ ಪಕ್ಕ ಇಟ್ಟರೂ ಕೂಡಬೇಕು. ಉಂಡೆ ಮಾಡಿದ ಅಲ್ಯೂಮಿನಿಯಂ ಹಾಳೆಯಿಂದ ಒತ್ತಿ ಕಲ್ಲಿನ ತರಿ ಮೂಡಿಸುವುದು, ಹಳೆಯ ಟೂತ್‌ಬ್ರಶ್ಶಿನಲ್ಲಿ ಬೂದು ಬಣ್ಣ ಹೊಡೆಯುವುದು, ಹಾರಂಗಿ ಕಡೆಯ ಥಂಡಿ ಗಾಳಿಗೆ ಅದು ಮೂರು ದಿನವಾದರೂ ಒಣಗದೆ ಕೈಗೆ ಅಂಟುವುದು, ಒಣಗಿದ ಮೇಲೆ ನೋಡಿದರೆ ಕೂದಲೆಳೆಯಷ್ಟು ಸೊಟ್ಟ. ಎರಡು ವರ್ಷ ಹೀಗೇ ಕಳೆಯಿತು. ಅಷ್ಟೂ ಕಾಲ ನಾವು ಆಡಿದ್ದು ಬೋಪಣ್ಣ ಗ್ರಾಫ್ ಹಾಳೆಯ ಮೇಲೆ ಗೀಚಿದ ನಕ್ಷೆಯಲ್ಲಿ. "ಎಂತ ಮೇಷ್ಟ್ರೇ, ಹಾರಂಗಿ ಡ್ಯಾಮೇ ಇಷ್ಟೊತ್ತಿಗೆ ಮುಗೀತಿತ್ತಲ್ಲ" ಎನ್ನುತ್ತಿದ್ದ.

ಅಷ್ಟರಲ್ಲಿ ಅವನಿಗೆ ಕಲಬುರಗಿಗೆ ವರ್ಗವಾಯಿತು. ಸೋಮವಾರ ಹೊರಡಬೇಕು, ಭಾನುವಾರ ಕೊನೆಯ ಆಟ. ಕಥೆ ಹೇಳುವವನೇ ಇಲ್ಲದ ಮೇಲೆ ಆಟವೆಲ್ಲಿ? ನನಗೆ ನಿಜಕ್ಕೂ ಬೇಸರವಾಯಿತು. ಈ ವಯಸ್ಸಿನಲ್ಲಿ, ಬಾಯಲ್ಲೇ ಕತ್ತಿ ಬೀಸುವ ಹೊಸ ಗೆಳೆಯರು ಸುಲಭಕ್ಕೆ ಸಿಗುವುದಿಲ್ಲ. ಕಥೆಯ ಕೊನೆಯಾದರೂ ನನ್ನ ನೆಲಮಾಳಿಗೆಯಲ್ಲಿ ಆಗಲಿ ಎಂದು ಶಾಲೆಯಿಂದ ಬಂದವನೇ ಕೂತು ಕೂತು, ಬೆನ್ನು ಹಿಡಿದುಕೊಂಡು, ಅಂತೂ ಮುಗಿಸಿದೆ.

ವಿಮಲಾ ಬಂದು ನೋಡಿದಳು. "ತುಂಬಾ ಚೆನ್ನಾಗಿದೆ ರೀ. ಈ ಸಲ ಗೊಂಬೆ ಕೂರಿಸೋದಕ್ಕೆ ಇದನ್ನೇ ಜೋಡಿಸಿಕೊಳ್ಳಲಾ?" ಎಂದಳು. ಅವಳದು ಮೈಸೂರು ಕಡೆಯ ಮನೆತನ, ನವರಾತ್ರಿಗೆ ಗೊಂಬೆ ತಪ್ಪುವುದಿಲ್ಲ. ಎರಡು ವರ್ಷದಲ್ಲಿ ನಾನು ಕೇಳಿದ ಮೊದಲ ಹೊಗಳಿಕೆ ಅದು. ಉಬ್ಬಿಹೋಗಿ ನಾನೇ ಗೊಂಬೆಯ ಮೆಟ್ಟಿಲ ಮೇಲೆ ಗೋಡೆ ಜೋಡಿಸಿಕೊಟ್ಟೆ. ಪಟ್ಟದ ರಾಜ ರಾಣಿಯರನ್ನು ಕೂರಿಸಿ ಆರತಿ ಎತ್ತಿದ ಮೇಲೆ ಹಬ್ಬ ಮುಗಿಯುವವರೆಗೆ ಏನನ್ನೂ ಅಲುಗಿಸುವ ಹಾಗಿಲ್ಲ. ಒಂಬತ್ತು ದಿನದೊಳಗೆ ಒಂದು ಭಾನುವಾರ ಬಂದೇ ಬರುತ್ತದೆ ಎಂಬ ಲೆಕ್ಕ ಈ ಗಣಿತದ ಮೇಷ್ಟ್ರಿಗೆ ಹೊಳೆದದ್ದು ಶನಿವಾರ.

ಭಾನುವಾರ ಗೆಳೆಯರಿಬ್ಬರೂ ಗೊಂಬೆಗಳ ಮುಂದೆ ಚಾಪೆಯ ಮೇಲೆ ಕೂತರು. ನಾನು ಹದಿನೈದು ದಿನ ಕೊರೆದ ವಿಷದ ಗುಂಡಿಯ ಮೇಲೆ ಶೆಟ್ಟಿ ದಂಪತಿಯ ಗೊಂಬೆಗಳು ಅಕ್ಕಿ ಬೇಳೆ ಹರಡಿಕೊಂಡು ವ್ಯಾಪಾರಕ್ಕೆ ಕೂತಿದ್ದವು. ನಮ್ಮ ವೀರರನ್ನು ಒಳಗೆ ಬಿಡಲು ವಿಮಲಾ ಒಪ್ಪಲಿಲ್ಲ. ಅವರು ಎದುರಿಗೆ ಒಂದು ತಟ್ಟೆಯಲ್ಲಿ ನಿಂತರು. ನಾನು ದಾಳ ಹಾಕಿದೆ. ಪೂರ್ವದ ಗೋಡೆ ಬಾಯಲ್ಲೇ ಒಡೆಯಿತು.

"ರಾಜ ರಾಣಿ ಇಲ್ಲಿ ಸೆರೆಯಾಗಿದ್ದಾರೆ" ಎಂದ ಬೋಪಣ್ಣ. "ಬಿಡಿಸಿಕೊಂಡು ಬನ್ನಿ."

ಕೋಸಂಬರಿ ಹಂಚುತ್ತಿದ್ದ ವಿಮಲಾ ನಿಂತಳು. "ಸೆರೆ ಯಾಕೆ? ಪಟ್ಟಕ್ಕೆ ಕೂತಿದ್ದಾರೆ. ಅದು ಅವರ ಮನೆ. ಹೇಳದೆ ಕೇಳದೆ ಗೋಡೆ ಒಡೆದು ನುಗ್ಗಿದೋರು ನೀವು."

ಬೋಪಣ್ಣ ತನ್ನ ನೋಟ್‌ಬುಕ್ ನೋಡಿದ. ಎರಡು ವರ್ಷ ಬರೆದದ್ದೆಲ್ಲ ಅದರಲ್ಲಿತ್ತು. ಮೆಲ್ಲಗೆ ಮುಚ್ಚಿದ. "ಅಕ್ಕ ಹೇಳೋದು ಸರಿ ಮಾರಾಯ. ಅಕ್ಕ, ರಾಣಿ ಮಾತು ನೀವೇ ಆಡಿ."

ರಾಣಿ ತಡಮಾಡಲಿಲ್ಲ. ಅಶ್ರಫನ ವೀರ ಚಪ್ಪಲಿ ಹೊರಗೆ ಬಿಟ್ಟು ಬಂದು ಊಟ ಮಾಡಬಹುದು. ಇನ್ನೊಬ್ಬ, ಗೋಡೆ ಒಡೆದವನು, ಕೋಟೆಯಲ್ಲೇ ಇದ್ದು ಗೋಡೆ ಕಟ್ಟಿಕೊಡಬೇಕು. ಎಷ್ಟು ಕಾಲ ಎಂದು ನಾನು ಕೇಳಿದೆ. "ನೋಡೋಣ" ಎಂದಳು. ಅಶ್ರಫ್ ನಕ್ಕು ನಕ್ಕು ಕೆಮ್ಮಿದ.

ಬೋಪಣ್ಣ ಈಗ ಪ್ರತಿ ಭಾನುವಾರ ಕಲಬುರಗಿಯಿಂದ ಫೋನ್ ಮಾಡಿ ಕಥೆ ಮುಂದುವರಿಸುತ್ತಾನೆ. ಆಟ ನಿಲ್ಲಲಿಲ್ಲ, ನನಗೆ ಅಷ್ಟೇ ಬೇಕಾಗಿತ್ತು. ಆದರೆ ಫೋನ್ ನಾನು ಎತ್ತಿದರೆ, "ಮೇಷ್ಟ್ರೇ, ಅಕ್ಕನಿಗೆ ಕೊಡಿ" ಎನ್ನುತ್ತಾನೆ. ಕೋಟೆಗೊಂದು ಅಡುಗೆಮನೆ ಬೇಕೆಂದು ದರ್ಬಾರಿನಲ್ಲಿ ತೀರ್ಮಾನವಾಗಿ, ನಾನು ಕಟ್ಟುತ್ತಿದ್ದೇನೆ. ಕಿಟಕಿ ಸೊಟ್ಟ ಬಂದಿದೆಯೆಂದು ನಿನ್ನೆ ರಾಣಿ ಒಂದು ಗೋಡೆ ತೆಗೆಸಿದಳು. ಬೆನ್ನು ನೋಯುತ್ತಿತ್ತು, ಆದರೂ ನಾನು ಬಾಯಿ ಬಿಡಲಿಲ್ಲ. ಪಾಪ ಅನ್ನಿಸಿ ಎಲ್ಲಿ ಬಿಡುಗಡೆ ಮಾಡಿಬಿಡುತ್ತಾಳೋ ಎಂಬ ಭಯ ನನಗೆ.