ಗ್ಯಾಸ್ ಬಂದ್ ಮಾಡಿದಿರಾ?

ಸಂಶಯಪಡುವವರ ಜೊತೆ ಸಂಸಾರ ಮಾಡಿದವರು ಇಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕೊಲ್ಲಿ ದೇಶದ ಹೂರಾದಲ್ಲಿರುವ ನಮ್ಮ ಮೂರನೇ ಮಹಡಿಯ ಫ್ಲ್ಯಾಟಿಗೆ ಅವೇ ಮೆಟ್ಟಿಲು ಹತ್ತಿ ಬರುತ್ತವೆ. ನನ್ನ ಹೆಂಡತಿ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಆದರೂ ಇವನ್ನು ಹೇಳುವಾಗ ನಗು ಬರುತ್ತದೆ. ಅವಳಿದ್ದಿದ್ದರೆ, ಬಂದದ್ದು ನಗುವೇ ಹೌದಾ ಎಂದು ಕೇಳುತ್ತಿದ್ದಳು.

ಲಾರಿ

ನಾನು ಇಲ್ಲಿನ ಒಂದು ಶಾಲೆಯಲ್ಲಿ ಚರಿತ್ರೆ ಕಲಿಸುತ್ತೇನೆ. ಒಂದು ದಿನ ಹನ್ನೆರಡನೇ ತರಗತಿಗೆ ಹದಿನೆಂಟನೇ ಶತಮಾನದ ಯುರೋಪಿನ ಪಾಠ. ಸ್ಕಾಟ್ಲೆಂಡಿನಲ್ಲಿ ಒಬ್ಬ ಸಂಶಯವಾದಿ ಇದ್ದ. ನಾವು ನೋಡದಿದ್ದಾಗಲೂ ಮೇಜು ಅಲ್ಲೇ ಇರುತ್ತದೆ, ನಾಳೆಯೂ ಸೂರ್ಯ ಹುಟ್ಟುತ್ತಾನೆ ಎಂಬುದಕ್ಕೆಲ್ಲ ತರ್ಕದಲ್ಲಿ ಆಧಾರವಿಲ್ಲ ಎಂದು ತೋರಿಸಿದ. ಅದೇ ನಾಡಿನ ಇನ್ನೊಬ್ಬ, ಪಾದ್ರಿಯಾಗಿದ್ದು ಆಮೇಲೆ ಮೇಷ್ಟ್ರಾದವನು, ಅವನಿಗೆ ಉತ್ತರ ಕೊಟ್ಟ: ಕಣ್ಣನ್ನೂ ನೆನಪನ್ನೂ ನಂಬುವುದು ತರ್ಕದಿಂದ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು. ತರ್ಕ ನಿಂತಿರುವುದೂ ಆ ನಂಬಿಕೆಯ ಮೇಲೆಯೇ. ಇದಕ್ಕೆ ಕಾಮನ್ ಸೆನ್ಸ್ ತತ್ವ ಎಂದು ಹೆಸರು.

ನಾನು ಮೇಷ್ಟ್ರ ಪಕ್ಷ. ಎಂಥ ಸಂಶಯವಾದಿಯಾದರೂ ರಸ್ತೆ ದಾಟುವಾಗ ಲಾರಿ ಬರುತ್ತಿದೆಯೇ ಎಂದು ನೋಡಿಯೇ ದಾಟುತ್ತಾನೆ ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಸರ್, ಸಂಶಯ ಇರುವುದರಿಂದಲೇ ಅವನು ನೋಡುತ್ತಾನೆ. ನೋಡದೆ ದಾಟುವವರು ನಂಬಿದವರು."

ಇದನ್ನು ಮನೆಯಲ್ಲಿ ಹೇಳಿದೆ. ಹೆಂಡತಿ ದೋಸೆ ಮಗುಚುತ್ತ, ನಾಳೆಯಿಂದ ಪಾಠ ಆ ಹುಡುಗಿಯೇ ಮಾಡಲಿ, ನೀವು ಬೆಂಚಿನಲ್ಲಿ ಕೂತುಕೊಳ್ಳಿ ಎಂದಳು.

ಸಾಕ್ಷಿ

ಊರಾಚೆ ಬುದಯ್ಯದಲ್ಲಿದ್ದ ಪರಿಚಯದವರ ಮನೆಗೆ ನಾವು ಭಜನೆಗೆ ಹೋಗುತ್ತಿದ್ದೆವು. ಕಾರು ನಮ್ಮ ಬೀದಿ ದಾಟಿ ಮೊದಲ ಸಿಗ್ನಲ್‌ಗೆ ಬಂದರೆ ಅವಳ ಪ್ರಶ್ನೆಯೂ ಬರುತ್ತಿತ್ತು: "ಗ್ಯಾಸ್ ಬಂದ್ ಮಾಡಿದಿರಾ?" ಮಾಡಿದ್ದು ನೆನಪಿದೆ ಎಂದರೆ, "ನೆನಪು ಉಂಟು, ಸರಿ. ಬಂದ್ ಉಂಟಾ?" ಮತ್ತೆ ವಾಪಸು ಹೋಗಿ, ಮೆಟ್ಟಿಲು ಹತ್ತಿ ನೋಡುವುದು. ಒಲೆ ಒಂದು ಸಲವೂ ಉರಿಯುತ್ತಿರಲಿಲ್ಲ. ಮದುವೆಯಾದಾಗಿನಿಂದ ಈ ವಾದದಲ್ಲಿ ಗೆದ್ದವನು ನಾನೇ. ಸೋತೆ ಎಂದು ಅವಳು ಒಪ್ಪಿಕೊಂಡದ್ದಿಲ್ಲ.

ಒಮ್ಮೆ ಹೀಗೆ ನೋಡಿ ಕೆಳಗಿಳಿಯುತ್ತ ಅವಳಿಗೆ ಬಿಡಿಸಿ ಹೇಳಿದೆ. ನೆನಪು ಎಂದರೆ ಸಾಕ್ಷಿ, ಸುಳ್ಳು ಎಂದು ತಿಳಿಯುವವರೆಗೂ ಸಾಕ್ಷಿಯನ್ನು ನಂಬಬೇಕು ಎಂದೆ. ಕಾರಿನ ಹತ್ತಿರ ಅವಳು ಕೈ ಚಾಚಿದಳು.

"ಆಗಲಿ ಮಾರಾಯ್ರೆ, ಮನೆಯ ಕೀಲಿ ಎಲ್ಲಿ ಅಂತ ನಿಮ್ಮ ಸಾಕ್ಷಿಯ ಹತ್ತಿರ ಕೇಳಿ."

ಕೀಲಿ ಮೂರನೇ ಮಹಡಿಯ ಬಾಗಿಲಲ್ಲೇ ನೇತಾಡುತ್ತಿತ್ತು.

ಭರವಸೆ

ಅವಳು ಆಸ್ಪತ್ರೆ ಸೇರಿದಾಗ ವೈದ್ಯರು ಸ್ಕ್ಯಾನ್ ತೋರಿಸಿ, ಬಹಳ ಮೆತ್ತಗೆ ಮಾತಾಡಿ ಹೋದರು. ನಾನು ಅವಳ ಕೈ ಹಿಡಿದು, ಗುಣವಾಗುತ್ತದೆ, ನನಗೆ ಗೊತ್ತು ಎಂದೆ. ಹೇಗೆ ಗೊತ್ತು ಎಂದು ಕೇಳಿದಳು. ಕೆಲವಕ್ಕೆ ಪ್ರಮಾಣ ಬೇಡ ಎಂದೆ.

"ಗ್ಯಾಸಿಗೂ ನೀವು ಹೀಗೇ ಹೇಳುವುದು."

ಪಕ್ಕದ ಮಂಚದಲ್ಲಿದ್ದ ಮಂಗಳೂರಿನ ಹೆಂಗಸು ನಕ್ಕುಬಿಟ್ಟರು. ಆಮೇಲೆ ನಾವಿಬ್ಬರೂ ನಕ್ಕೆವು. ನರ್ಸ್ ಬಂದು ನೋಡಿ, ರೋಗಿ ಗೆಲುವಾಗಿದ್ದಾರೆ ಎಂದು ಬರೆದುಕೊಂಡು ಹೋದಳು.

ಸಿಗ್ನಲ್

ಅವಳನ್ನು ಆಸ್ಪತ್ರೆಯಿಂದ ನೇರವಾಗಿ ಸ್ಮಶಾನಕ್ಕೆ ಒಯ್ಯುವುದೆಂದಾಗಿತ್ತು. ನಾವು ಮನೆಯಿಂದ ಹೊರಟೆವು. ಕಾರು ಓಡಿಸುತ್ತಿದ್ದವನು ಅವಳ ತಮ್ಮ. ಅಸ್ಕರ್‌ನ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಅವನಿಗೆ. ನಮ್ಮ ಹಿಂದೆ ಇನ್ನೂ ಐದಾರು ಕಾರುಗಳಿದ್ದವು.

ಮೊದಲ ಸಿಗ್ನಲ್‌ನಲ್ಲಿ ನಿಂತೆವು. ಯಾರೂ ಏನೂ ಕೇಳಲಿಲ್ಲ. ದೀಪ ಹಸಿರಾಯಿತು. ಹಿಂದಿನವರು ಹಾರ್ನ್ ಮಾಡಿದರೂ ಅವನು ಕಾರು ಬಿಡಲಿಲ್ಲ.

"ಭಾವ, ಗ್ಯಾಸ್?" ಎಂದ.

ಬೆಳಗ್ಗೆಯಿಂದ ನಾನು ಒಲೆ ಮುಟ್ಟಿರಲಿಲ್ಲ. ಅದು ಚೆನ್ನಾಗಿ ನೆನಪಿತ್ತು, ಹಾಗೆಯೇ ಹೇಳಿದೆ. ಅವನು ಯೂ ಟರ್ನ್ ಹೊಡೆದ. ಹಿಂದಿದ್ದವರೆಲ್ಲ, ಯಾಕೆ ಎಂದು ಯೋಚಿಸದೆ, ಒಬ್ಬರ ಹಿಂದೆ ಒಬ್ಬರು ಯೂ ಟರ್ನ್ ಹೊಡೆದರು. ನಂಬಿದವರು.

ಬಾಗಿಲು ತೆಗೆದೆವು. ಒಲೆ ಉರಿಯುತ್ತಿತ್ತು. ಬಂದವರಿಗೆ ಚಹಾ ಮಾಡಲೆಂದು ಪಕ್ಕದ ಮನೆಯವರು ಇಟ್ಟು ಮರೆತ ನೀರು ಪೂರ್ತಿ ಬತ್ತಿ, ಪಾತ್ರೆಯ ತಳ ಕಪ್ಪಾಗಿತ್ತು. ನನ್ನ ನೆನಪಿನಲ್ಲಿ ತಪ್ಪೇನೂ ಇರಲಿಲ್ಲ. ಒಲೆ ಮಾತ್ರ ಉರಿಯುತ್ತಿತ್ತು.

ಬಂದ್ ಮಾಡಿದೆ.

ಸ್ಮಶಾನದಲ್ಲಿ ಭಟ್ಟರು ಇಷ್ಟು ತಡ ಯಾಕೆ ಎಂದು ಕೇಳಿದರು. ಗ್ಯಾಸ್ ಎಂದ ಅವಳ ತಮ್ಮ. ನಾನು ಅವಳ ಕಿವಿಯ ಹತ್ತಿರ ಬಗ್ಗಿ, "ನೀನೇ ಗೆದ್ದದ್ದು. ಬಂದ್ ಮಾಡಿ ಬಂದೆ" ಎಂದೆ.

ಪಕ್ಕದಲ್ಲಿ ನಿಂತಿದ್ದ ತಮ್ಮ ಅಕ್ಕನದೇ ಧಾಟಿಯಲ್ಲಿ ಕೇಳಿದ: "ಸರಿ ನೋಡಿದ್ದೀರಲ್ಲ ಭಾವ?"

ಎಲ್ಲ ಮುಗಿಸಿ ಮನೆಗೆ ಬಂದವರು ಸ್ನಾನಕ್ಕೂ ಮೊದಲು ಇಬ್ಬರೂ ಅಡುಗೆಮನೆಗೆ ಹೋದೆವು. ಬಂದ್ ಇತ್ತು. ಅವನೂ ಒಮ್ಮೆ ಮುಟ್ಟಿ ನೋಡಿದ.