ಆಷಾಢದಲ್ಲಿ ಹೆಂಡತಿಯನ್ನು ನೋಡಿದ್ದಕ್ಕೆ ಸಾಕ್ಷಿ

ಅಂದು ಕುಣಿಗಲ್ ಕೆರೆಯಲ್ಲಿ ಚಂದ್ರನಿದ್ದನೋ ಇಲ್ಲವೋ, ಪ್ರಮಾಣ ಮಾಡಿ ಹೇಳಲಾರೆ. ನನ್ನ ನೆನಪಿನಲ್ಲಂತೂ ಇದ್ದಾನೆ. ಬೆಳ್ಳಗೆ, ದುಂಡಗೆ, ನೀರಿನ ಮೇಲೆ ತೇಲುತ್ತಾ. ಏರಿಯ ಮೇಲೆ ನಾನು, ಪಕ್ಕದಲ್ಲಿ ನನ್ನ ಹೆಂಡತಿ ಸವಿತಾ, ಗಾಳಿಗೆ ಹಾರುವ ಅವಳ ಸೆರಗು. ಆದರೆ ನಾನು ತುಮಕೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಆಧಾರವಿಲ್ಲದ್ದನ್ನು ನಂಬಬೇಡಿ ಎಂದು ಹೇಳಿಯೇ ಸಂಬಳ ತೆಗೆದುಕೊಳ್ಳುವವನು. ನನ್ನ ನೆನಪನ್ನು ಹೇಗೆ ನಂಬಲಿ?

ನಂಬಲೇಬೇಕಾಗಿ ಬಂತು. ಸವಿತಾ ಇಂಗ್ಲೆಂಡಿನಲ್ಲಿ ನೆಲೆಸಿರುವ ನರ್ಸ್. ಮದುವೆಗೆಂದು ರಜೆ ಹಾಕಿ ಬಂದಿದ್ದಳು. ಮದುವೆಯ ಬೆನ್ನಿಗೇ ಆಷಾಢ ಬಂತು. ಆಷಾಢದಲ್ಲಿ ಹೊಸ ಸೊಸೆ ಗಂಡನ ಮನೆಯಲ್ಲಿ ಇರುವಂತಿಲ್ಲ. ಅಳಿಯ ಅತ್ತೆಮನೆ ಹೊಸ್ತಿಲು ತುಳಿಯುವಂತಿಲ್ಲ. ಹಿರಿಯರು ಅವಳನ್ನು ಕುಣಿಗಲ್ಲಿನ ತವರಿಗೆ ಕಳಿಸಿದರು. ತಿಂಗಳು ಮುಗಿಯುವ ಹೊತ್ತಿಗೆ ರಜೆಯೂ ಮುಗಿಯಿತು!

ಅವಳು ವಾಪಸು ಹೋದಳು. ನಾನೂ ಅಲ್ಲಿಗೆ ಹೋಗಲು ಹಾಕಿದ್ದ ವೀಸಾ ಅರ್ಜಿ ಈಗ ತಿರಸ್ಕೃತವಾಗಿದೆ. ಕಾರಣ: ಮದುವೆಯಾದ ಕೆಲವೇ ದಿನಗಳಲ್ಲಿ ದಂಪತಿ ಬೇರೆ ಬೇರೆ ಇದ್ದರು, ಈ ಸಂಬಂಧ ನಿಜವೆಂದು ನಂಬಲಾಗದು.

ಅಧಿಕಾರಿಯ ಮೇಲೆ ಸಿಟ್ಟು ಬರಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ಕೋರ್ಟಿಗೆ ಅಪೀಲು ಹಾಕಬಹುದು, ಆದರೆ ಆ ತಿಂಗಳಲ್ಲಿ ಇಬ್ಬರೂ ಭೇಟಿಯಾಗಿದ್ದಕ್ಕೆ ಪುರಾವೆ ಬೇಕು ಎಂದರು ಅಲ್ಲಿನ ವಕೀಲರು. ಭೇಟಿಯೇನೋ ಆಗಿದ್ದೆವು, ಕದ್ದುಮುಚ್ಚಿ. ಯಾರಾದರೂ ನೋಡಿಬಿಟ್ಟಾರೆಂದು ಒಂದೂ ಫೋಟೊ ತೆಗೆದಿರಲಿಲ್ಲ. ಅಷ್ಟು ದಕ್ಷ ಕಳ್ಳರು! ಅಪೀಲು ಸೋತರೆ ನಮಗೆ ವರ್ಷವೆಲ್ಲ ಆಷಾಢವೇ.

ಹೇಳಿಕೆ ಬರೆಯುವುದೇನು ಮಹಾ ಎಂದು ಕುಳಿತೆ. ಬರೆದು ಸವಿತಾಗೆ ಕಳಿಸಿದೆ. ತಕ್ಷಣ ಫೋನು.

"ರೀ, 'ಬಹುಶಃ ನಾನು ನನ್ನ ಹೆಂಡತಿಯನ್ನು ಭೇಟಿಯಾದೆ' ಅಂದ್ರೆ ಏನ್ರೀ ಅರ್ಥ?"

"ಖಚಿತ ಇಲ್ದಿರೋದನ್ನ ಪ್ರಮಾಣ ಮಾಡಿ ಹೆಂಗೆ ಬರೀಲಿ?"

"ತಾಳಿ ಕಟ್ಟಿದ್ದಾದ್ರೂ ಖಚಿತಾನಾ, ಇಲ್ಲ ಅದೂ ಬಹುಶಃನಾ? ಆಮೇಲೆ ಯಾವ ಚಂದ್ರ ರೀ? ಮಟಮಟ ಮಧ್ಯಾಹ್ನ ಅದು! ಯಾರೂ ಗುರುತು ಹಿಡೀಬಾರ್ದು ಅಂತ ಬಿಳೀ ಹೆಲ್ಮೆಟ್ ಹಾಕ್ಕೊಂಡೇ ಏರಿ ಮೇಲೆ ಓಡಾಡ್ತಿದ್ರಿ!"

ನೀರಿನಲ್ಲಿ ತೇಲುತ್ತಿದ್ದದ್ದು ನನ್ನದೇ ತಲೆ! ಆದರೂ ಹೇಳಿಕೆಯಿಂದ ಚಂದ್ರನನ್ನು ಹೊಡೆದುಹಾಕುವಾಗ ಕೈ ಸ್ವಲ್ಪ ತಡೆಯಿತು.

ಸಾಕ್ಷಿಗಾಗಿ ಗುಬ್ಬಿಗೆ ಹೋದೆ. ನಮ್ಮ ಮದುವೆ ಕುದುರಿಸಿದ ದೊಡ್ಡಪ್ಪ ಅಲ್ಲಿದ್ದಾರೆ. ಗುಟ್ಟು ಹೇಳಲು ಧೈರ್ಯ ಸಾಲದೆ, ನಮ್ಮ ಸಂಸಾರದ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದಷ್ಟೇ ಕೇಳಿದೆ.

"ಅದಕ್ಯಾಕ್ಲಾ ಇಷ್ಟು ಮುಖ ಸಣ್ಣಕ್ಕೆ ಮಾಡ್ಕೊಂಡಿದೀಯ? ಬುಡು, ನಾನಿಲ್ವಾ!"

ನೋಟರಿಯ ಮೊಹರು ಹಾಕಿಸಿಯೇ ಕೊಟ್ಟರು. ಮೊಹರಿನ ಅಂದಕ್ಕೆ ಮರುಳಾಗಿ, ಓದದೆಯೇ ವಕೀಲರಿಗೆ ಕಳಿಸಿದೆ. ಆಧಾರ ಪರೀಕ್ಷಿಸುವ ಮೇಷ್ಟ್ರು! ಸಂಜೆ ವಕೀಲರು ಬಹಳ ಸೌಜನ್ಯದಿಂದ ವಿಚಾರಿಸಿದರು: ಇವರು ನಮ್ಮ ಕಡೆಯ ಸಾಕ್ಷಿಯೇ?

ದೊಡ್ಡಪ್ಪ ಬರೆದಿದ್ದರು: 'ನಮ್ಮ ಹುಡುಗ ಸಂಸ್ಕಾರವಂತ. ಆಷಾಢ ಮುಗಿಯುವವರೆಗೂ ಹೆಂಡತಿಯ ಮುಖವನ್ನೇ ನೋಡಲಿಲ್ಲ. ದೇವರಾಣೆಗೂ ಸತ್ಯ.'

ಇನ್ನು ಉಳಿದಿದ್ದು ಕುಣಿಗಲ್. ಅತ್ತೆ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ನಾನು ನೆಲ ನೋಡುತ್ತಾ ಶುರು ಮಾಡಿದೆ.

"ಅತ್ತೆ, ಆಷಾಢದಲ್ಲಿ ನಾನು ಒಂದ್ಸಲ..."

"ಒಂದ್ಸಲ ಎಲ್ಲಿ? ವಾರವಾರಾನೂ ಬರ್ತಿದ್ರಿ. ಕೆರೆ ಹತ್ರ ಗಾಳಿ ಕಣೇ, ಸ್ವೆಟರ್ ಹಾಕ್ಕೊಂಡೋಗು ಅಂತ ಮಗಳನ್ನ ಕಳಿಸ್ತಿದ್ದೋಳೇ ನಾನು."

"ನಿಮಗೆ ಗೊತ್ತಿತ್ತಾ? ಹಾಗಾದ್ರೆ ಸಹಿ ಹಾಕ್ತೀರಾ?"

"ನಾನೊಬ್ಳೇ ಯಾಕೆ ಅಳಿಯಂದ್ರೇ? ಬೀದೀಲಿ ಯಾರನ್ನಾದ್ರೂ ಕೇಳಿ. ಎಲ್ರೂ ಹಾಕ್ತಾರೆ."

ನನಗೆ ನಂಬಿಕೆ ಬರಲಿಲ್ಲ. ಬೀದಿಗಿಳಿದು ವಿಚಾರಿಸಿದೆ. ಹೂವಿನವರು, ಅಂಗಡಿಯವರು, ಎದುರು ಮನೆಯವರು, ಎಲ್ಲರೂ ಪೆನ್ನು ಹಿಡಿದೇ ನಿಂತರು. ಅಪೀಲಿನ ವಿಚಾರಣೆ ಇನ್ನೂ ಆಗಬೇಕು; ಏನಾಗುವುದೋ ಗೊತ್ತಿಲ್ಲ. ಖುದ್ದಾಗಿ ಪರೀಕ್ಷಿಸಿ ಖಚಿತಪಡಿಸಿಕೊಂಡ ಸಂಗತಿ ಒಂದೇ. ಆ ಬೀದಿಯಲ್ಲಿ ನನ್ನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. 'ಆಷಾಢದ ಅಳಿಯ' ಎಂದರೆ ಬಾಗಿಲ ತನಕ ಬಂದು ಮನೆ ತೋರಿಸುತ್ತಾರೆ.