ಪಕ್ಕದ ಸೀಟಿನವನ ಪಾಲು

ಟಕ್, ಟಕ್ ಎಂದು ಕಾರಿನ ಡಿಕ್ಕಿಗೆ ಅಂಗೈ ಬಡಿದ ಸದ್ದು. ಹಿರಿಯಡ್ಕದಲ್ಲಿ ಬೀಗರ ಔತಣ ಮುಗಿದಿತ್ತು. ಸ್ಟಿಯರಿಂಗ್ ಹಿಡಿದ ಭಾವ ದೇವದಾಸನಿಗೆ ಶೀನ ರಿವರ್ಸ್ ಹೇಳಿಕೊಡುತ್ತಿದ್ದ. ಅಕ್ಕ ಕುಶಲಾ ಮಾತ್ರ ಕಾರು ಹತ್ತದೆ ಹಲಸಿನ ನೆರಳಲ್ಲಿ ನಿಂತಿದ್ದಳು. ಉಡುಪಿಯ ವಕೀಲರೊಬ್ಬರ ಕಚೇರಿಯಲ್ಲಿ ಹನ್ನೆರಡು ವರ್ಷ ಟೈಪ್ ಮಾಡಿದವಳು ಅವಳು.

ಕುಶಲಾ: ನಾನು ಬಸ್ಸಿಗೆ ಹೋಗ್ತೇನೆ. ಕುಡಿದವರ ಕಾರಿಗೆ ನಾನಿಲ್ಲ. ನೀನೂ ಹತ್ತಬೇಡ.

ಶೀನ: ಭಾವ ಕುಡಿದರೆ ನನಗೆಂತ ಅಕ್ಕ? ಕೇಸು ಬೀಳುವುದು ಕಾರು ಬಿಡುವವರ ಮೇಲೆ ಅಲ್ವಾ?

ಕುಶಲಾ: ಬಿಡಲಿಕ್ಕೆ ಕುಮ್ಮಕ್ಕು ಕೊಟ್ಟವರ ಮೇಲೂ ಉಂಟು. ಶಿಕ್ಷೆ ಇಬ್ಬರಿಗೂ ಒಂದೇ.

ಶೀನನ ಅಂಗೈ ಡಿಕ್ಕಿಯ ಮೇಲೆಯೇ ಉಳಿಯಿತು. ಮಸ್ಕತ್ತಿನ ಕೆಲಸಕ್ಕಾಗಿ ಪೊಲೀಸ್ ಸರ್ಟಿಫಿಕೇಟಿಗೆ ಅರ್ಜಿ ಹಾಕಿ ಅವನಿಗೆ ನಾಲ್ಕೇ ದಿನವಾಗಿತ್ತು. ಈಗ ಒಂದು ಕೇಸು ಬಿದ್ದರೆ ವೀಸಾದ ಕನಸು ದಾರಿಯಲ್ಲೇ ಸಿಗುವ ಪರ್ಕಳವನ್ನೂ ದಾಟುವುದಿಲ್ಲ.

ಹಿಂದಿನ ಸೀಟಿನಲ್ಲಿ ಕೂತರೆ ಆಗುತ್ತದಾ ಎಂದು ಕೇಳಿದ. ಕಾನೂನಿಗೆ ಸೀಟಿನ ನಂಬರ್ ಇಲ್ಲ ಎಂದಳು. ದಾರಿಯುದ್ದಕ್ಕೂ ನಿದ್ದೆ ಮಾಡಿದರೆ? ಹತ್ತುವಾಗ ಎಚ್ಚರವಿತ್ತಲ್ಲ ಎಂದಳು. ತಾನೂ ಎರಡು ಗ್ಲಾಸು ಹಾಕಿ ಬಂದರೆ, ಭಾವ ಕುಡಿದದ್ದು ಗೊತ್ತೇ ಆಗಲಿಲ್ಲ ಎನ್ನಬಹುದಲ್ಲ ಎಂದ. ಅವಳು ಬಸ್ಸಿಗೆ ಚಿಲ್ಲರೆ ಎಣಿಸತೊಡಗಿದಳು.

ಶೀನ: ಬರೀ ಕೂತದ್ದು ಕುಮ್ಮಕ್ಕು ಹೇಗೆ ಆಗ್ತದೆ?

ಕುಶಲಾ: ಬರೀ ಕೂತದ್ದಾದರೆ ಬೇರೆ ಮಾತು. ಗ್ಲಾಸಿಗೆ ಸುರಿದದ್ದು ಯಾರು?

ಶೀನ: ಅಕ್ಕನ ಗಂಡನ ಗ್ಲಾಸು ಖಾಲಿ ಬಿಟ್ಟರೆ ತಮ್ಮನಿಗೆ ಮರ್ಯಾದೆ ಉಂಟಾ?

ಕುಶಲಾ: ಕೀ?

ಶೀನ: ಕಿಸೆಯಿಂದ ಬಿದ್ದಿತ್ತು. ಹೆಕ್ಕಿ ಕೊಟ್ಟೆ.

ಕುಶಲಾ: ಪೊಲೀಸರಿಲ್ಲದ ಒಳದಾರಿ ಗೊತ್ತುಂಟು ಅಂತ ಹೇಳಿದ್ದು?

ಶೀನ ಬಗ್ಗಿ ತನ್ನ ಚಪ್ಪಲಿ ನೋಡಿಕೊಂಡ. ಆಗ ಕಾರಿನ ಗಾಜು ಮೆಲ್ಲನೆ ಇಳಿಯಿತು. ದೇವದಾಸನ ಮುಖದಲ್ಲಿ ಲೋಕದ ಪ್ರೀತಿಯೆಲ್ಲ ತುಂಬಿತ್ತು.

ದೇವದಾಸ: ಹೆದರಬೇಡ ಶೀನ. ಯಾರು ನಿಲ್ಲಿಸಿದರೂ ನಾನೇ ಮಾತಾಡ್ತೇನೆ. ಸುಳ್ಳು ನನ್ನ ಬಾಯಲ್ಲಿ ಬರುವುದಿಲ್ಲ. ಸುರಿದದ್ದು ಶೀನ. ಕೀ ಕೊಟ್ಟದ್ದು ಶೀನ. ದಾರಿ ಹೇಳಿದ್ದೂ ಶೀನ.

ಶೀನ ಕಿಟಕಿಯೊಳಗೆ ಕೈ ಹಾಕಿ ಎಂಜಿನ್ ಆರಿಸಿದ. ಕೀ ಎಳೆದು ಅಕ್ಕನ ಕೈಗಿಟ್ಟು, ಬಸ್ಸು ನಿಲ್ಲುವ ಕಡೆಗೆ ಬಿರಬಿರನೆ ನಡೆದ.

ದೇವದಾಸ: ಪೂರ್ತಿ ಕೇಳಿ ಹೋಗು ಮಾರಾಯ. ಎಲ್ಲವನ್ನೂ ನಿನ್ನ ಮೇಲೆ ಹಾಕುವುದಿಲ್ಲ. ಡ್ರೈವಿಂಗ್ ಮಾತ್ರ ನಂದು ಅಂತ ಒಪ್ಪಿಕೊಳ್ತೇನೆ.